ಅಲಿಪುರದಿಂದ ಎವರೆಸ್ಟ್‌ಗೆ ಹೋದ ಹವಾಮಾನ ವರದಿ

1924ರ ಎವರೆಸ್ಟ್ ತಂಡದ ಬಳಿ ವೈರ್‌ಲೆಸ್ ಇರಲಿಲ್ಲ. ಬೇಸ್ ಕ್ಯಾಂಪಿನಲ್ಲಿ ವಾಯುಭಾರಮಾಪಕವೊಂದಿತ್ತು. ಅದು ತೋರಿಸಿದ್ದನ್ನು ತಪ್ಪದೆ ಬರೆದಿಡುತ್ತಿದ್ದರು. ಜೂನ್ 8ರ ಮಧ್ಯಾಹ್ನ, ಶಿಖರದ ಏಣಿನಲ್ಲಿ ಮೋಡ ಸರಿದ ಒಂದು ಗಳಿಗೆ ತುದಿಯತ್ತ ಹೊರಟಿದ್ದ ಮ್ಯಾಲರಿ ಮತ್ತು ಇರ್ವಿನ್ ಕಂಡದ್ದು ಅದೇ ತಂಡದ ಒಡೆಲ್ ಒಬ್ಬರಿಗೆ. ಆಮೇಲೆ ಹಿಮಗಾಳಿ ಎದ್ದಿತು. ಅವರಿಬ್ಬರೂ ಹಿಂದಿರುಗಲಿಲ್ಲ.

ಆ ಅಳತೆಗಳ ಪಟ್ಟಿಯನ್ನು 2010ರಲ್ಲಿ ಮೂವರು ಸಂಶೋಧಕರು ಮತ್ತೆ ತೆಗೆದು ನೋಡಿದರು. ಅವರಲ್ಲಿ ನಮ್ಮ ಮಾನ್ಸೂನ್ ತಜ್ಞ ಡಿ. ಆರ್. ಸಿಕ್ಕಾ ಕೂಡ ಒಬ್ಬರು. ಆ ಬಿರುಗಾಳಿಯ ಹೊತ್ತಿಗೆ ಬೇಸ್ ಕ್ಯಾಂಪಿನ ವಾಯುಭಾರ ಸುಮಾರು 18 ಮಿಲಿಬಾರ್ ಇಳಿದಿತ್ತು. ಅಷ್ಟು ಎತ್ತರದಲ್ಲಿ ಇದು ಬಲು ದೊಡ್ಡ ಇಳಿತ. ಚಳಿಗಾಳಿಯ ಜೊತೆಗೆ ಉಸಿರಾಡುವ ಗಾಳಿಯೇ ಇನ್ನಷ್ಟು ತೆಳುವಾಗುತ್ತದೆ. ಕೆಳಗಿನ ಉಪಕರಣಕ್ಕೆ ಸಿಕ್ಕಿದ ಸುದ್ದಿ ಮೇಲಿದ್ದವರಿಗೆ ಮುಟ್ಟುವ ದಾರಿಯೇ ಇರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

1933ರಲ್ಲಿ ಹ್ಯೂ ರಟ್ಲೆಜ್ ನೇತೃತ್ವದ ಎವರೆಸ್ಟ್ ತಂಡ ವೈರ್‌ಲೆಸ್ ಹೊತ್ತೊಯ್ದಿತು. ಕಲ್ಕತ್ತೆಯ ಅಲಿಪುರ ವೀಕ್ಷಣಾಲಯ ತಯಾರಿಸಿದ ವರದಿ ಡಾರ್ಜಿಲಿಂಗ್ ಮೂಲಕ ಟಿಬೆಟ್ ಕಡೆಯ ಬೇಸ್ ಕ್ಯಾಂಪಿಗೆ ಬರುತ್ತಿತ್ತು. 1880ರ ದಶಕದಲ್ಲಿ ಹವಾಮಾನ ಇಲಾಖೆಯ ಹೆನ್ರಿ ಬ್ಲಾನ್‌ಫರ್ಡ್ ಹಿಮಾಲಯದ ಹಿಮದ ಲೆಕ್ಕ ಹಿಡಿದು ಬಯಲಿನ ಮಳೆಯ ಮುನ್ಸೂಚನೆ ಕೊಡುತ್ತಿದ್ದರು. 1933ರಲ್ಲಿ ಬಯಲಿನವರೇ ಹಿಮಾಲಯಕ್ಕೆ ಹವಾಮಾನ ಹೇಳತೊಡಗಿದರು. ಸಮುದ್ರಮಟ್ಟದ ಕಚೇರಿಯಲ್ಲಿ ಕುಳಿತವರಿಗೆ ಮುಂಗಾರು ಎಲ್ಲಿಯವರೆಗೆ ಬಂದಿದೆ ಎಂದು ಹೇಳುವುದು ಸಾಧ್ಯವಿತ್ತು. ನಾಳೆ ಬೆಳಗ್ಗೆ ಏಣಿನ ಮೇಲೆ ಗಾಳಿ ಹೇಗೆ ಬೀಸುತ್ತದೆ ಎಂಬುದು ಅವರ ಅಳವಿಗೆ ಮೀರಿದ್ದು. ಆ ವರ್ಷವೂ ಶಿಖರ ಸಿಗಲಿಲ್ಲ.

1953ರ ಮೇ ತಿಂಗಳಲ್ಲಿ ಜಾನ್ ಹಂಟ್ ತಂಡಕ್ಕಾಗಿ ಆಕಾಶವಾಣಿ ವಿಶೇಷ ಹವಾಮಾನ ವರದಿ ಬಿತ್ತರಿಸಿತು. ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಶಿಖರ ಮುಟ್ಟಿದರು. ರೇಡಿಯೊದಿಂದಲೇ ಗೆದ್ದರು ಎನ್ನಲಾರೆ. ಆದರೆ ಕಾಯುವುದೋ ಹೊರಡುವುದೋ ಎಂದು ತೀರ್ಮಾನಿಸುವವರ ಕೈಗೆ ವರದಿ ಆ ಹೊತ್ತಿಗೇ ಸಿಗುತ್ತಿತ್ತು.

ಈಗ ಚಾರಣಕ್ಕೆ ಹೋಗುವ ನಮ್ಮ ಫೋನಿನಲ್ಲೇ ಹವಾಮಾನ ವರದಿ ಇದೆ. ಆದರೂ ನಾವು ಹುಡುಕುವುದು ರಸ್ತೆ ಮುಗಿಯುವ ಊರಿನ ಹೆಸರನ್ನು. ನಡೆಯುವುದು ಅದಕ್ಕಿಂತ ಎರಡು ಸಾವಿರ ಮೀಟರ್ ಮೇಲೆ. ಮೇಲೇರಿದಂತೆ ಸಾವಿರ ಮೀಟರಿಗೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ; ಊರಿನಲ್ಲಿ ಹತ್ತು ಡಿಗ್ರಿ ಇದ್ದರೆ ಅಲ್ಲಿ ನೀರು ಹೆಪ್ಪುಗಟ್ಟುವ ಚಳಿ, ಊರಿನ ತುಂತುರು ಅಲ್ಲಿ ಹಿಮ. ಹಾಗಾಗಿ ನಾನು ರಾತ್ರಿ ಟೆಂಟಿನಲ್ಲಿ ಮಲಗುವ ಮುನ್ನ ಕೈಗಡಿಯಾರ ತೋರಿಸುವ ಎತ್ತರವನ್ನು ಬರೆದಿಟ್ಟುಕೊಳ್ಳುತ್ತೇನೆ. ಅದು ವಾಯುಭಾರ ಅಳೆದು ಎತ್ತರ ಹೇಳುವ ಗಡಿಯಾರ. ಟೆಂಟು ಕದಲದಿದ್ದರೂ ಬೆಳಿಗ್ಗೆ ಐವತ್ತು ಮೀಟರ್ ಹೆಚ್ಚು ತೋರಿಸಿದರೆ ವಾಯುಭಾರ ಇಳಿದಿದೆ ಎಂದರ್ಥ. ಆಗ ಮುನ್ಸೂಚನೆ ಏನೇ ಹೇಳಲಿ, ಕಣಿವೆ ದಾಟುವ ಯೋಚನೆಯನ್ನು ಮುಂದೂಡಿ ಗೈಡ್ ಜೊತೆ ಮಾತಿಗೆ ಕೂರುತ್ತೇನೆ.

2024ರ ಜೂನ್ ಮೊದಲ ವಾರ ಉತ್ತರಕಾಶಿಯ ಸಹಸ್ರತಾಲ್ ಹಾದಿಯಲ್ಲಿ, ಕರ್ನಾಟಕದಿಂದ ಹೋಗಿದ್ದ ಚಾರಣ ತಂಡದ 9 ಜನ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಈ ಬೇಸಿಗೆಯಲ್ಲಿ ಹಿಮಾಲಯಕ್ಕೆ ಹೊರಡುವವರು ಹಣ ಕಟ್ಟುವ ಮೊದಲೇ ಎರಡು ಮಾತು ಕೇಳಿಕೊಳ್ಳಿ: ಹವಾಮಾನ ವರದಿ ಯಾವ ಎತ್ತರದ್ದು, ಮತ್ತು ಹವೆ ಕೆಟ್ಟರೆ ಕಾಯಲು ಬಿಡುವಿನ ದಿನ ಇದೆಯೇ? ಇಲ್ಲ ಎಂದರೆ ಆ ತಂಡದೊಂದಿಗೆ ಹೋಗಬೇಡಿ.