ಸಾಣೆಯೋ, ಮಸೆತವೋ? ಬ್ಲೇಡ್ ಹರಿತಗೊಳಿಸುವ ಮನೆಬಳಕೆಯ ಸಾಧನಗಳ ಬಗ್ಗೆ ಒಂದು ಟಿಪ್ಪಣಿ

ಈಳಿಗೆ ಮೊಂಡಾದರೆ ಮನೆಯಲ್ಲೇ ಕಲ್ಲಿಗೆ ನಾಲ್ಕು ಸಲ ಉಜ್ಜಿ ಮಸೆಯುತ್ತೇವೆ. ಬಾಯಿ ತೀರಾ ಹೋಗಿದ್ದರೆ ಬೀದಿಗೆ ಬರುವ ಸಾಣೆಯವನ ಚಕ್ರಕ್ಕೆ ಕೊಡುತ್ತೇವೆ. ಆಡುಮಾತಿನಲ್ಲಿ ಈ ಎರಡು ಪದಗಳು ಬೆರೆತುಹೋಗಿದ್ದರೂ ಕೆಲಸಗಳು ಬೇರೆಬೇರೆ. ಈ ಟಿಪ್ಪಣಿಯ ಮಟ್ಟಿಗೆ ನಾನು ಅವನ್ನು ಬಿಡಿಸಿಟ್ಟುಕೊಳ್ಳುತ್ತೇನೆ. ಲೋಹವನ್ನು ಸವೆಸಿ ಹೊಸ ಬಾಯಿ ತೆಗೆಯುವುದು ಸಾಣೆ. ಇರುವ ಬಾಯಿಯೇ ಮಡಿಚಿಕೊಂಡಿದ್ದರೆ ಅದನ್ನು ನೆಟ್ಟಗೆ ನಿಲ್ಲಿಸುವುದು ಮಸೆತ. ಹಳೆಯ ಕ್ಷೌರಿಕರು ಕತ್ತಿಯನ್ನು ಕಲ್ಲಿಗೆ ಹಚ್ಚುತ್ತಿದ್ದುದು ಅಪರೂಪಕ್ಕೆ. ಚರ್ಮದ ಪಟ್ಟಿಗಾದರೋ ಪ್ರತಿ ಗಿರಾಕಿ ಕೂತಾಗಲೂ ಎಳೆಯುತ್ತಿದ್ದರು. ಪಟ್ಟಿ ಇಲ್ಲದಿದ್ದರೆ ಅಂಗೈಯೇ ಪಟ್ಟಿ. ಸೇಫ್ಟಿ ರೇಜರಿನ ಬ್ಲೇಡ್ ಹರಿತಗೊಳಿಸಲು ಇಪ್ಪತ್ತನೆಯ ಶತಮಾನದಲ್ಲಿ ಬಂದ ಸಾಧನಗಳನ್ನು ಈ ಭೇದ ಮರೆತು ಓದಿದರೆ ಅವುಗಳ ಚರಿತ್ರೆ ತಪ್ಪಾಗಿ ತಿಳಿಯುತ್ತದೆ ಎಂಬುದು ನನ್ನ ವಾದ.

ಬಿಸಾಡುವ ಬ್ಲೇಡಿನ ಸೇಫ್ಟಿ ರೇಜರ್ ಹುಟ್ಟಿದ್ದೇ ಈ ಎರಡೂ ಕೆಲಸಗಳನ್ನು ಮನೆಯಿಂದ ಹೊರಗಟ್ಟಲು. ಕಿಂಗ್ ಕ್ಯಾಂಪ್ ಜಿಲೆಟ್ ಅವರ ಕಂಪನಿಯ ಆರಂಭದ ಜಾಹೀರಾತುಗಳು ಪಟ್ಟಿಯೂ ಬೇಡ, ಕಲ್ಲೂ ಬೇಡ ಎಂದು ಎರಡನ್ನೂ ಬಿಡಿಬಿಡಿಯಾಗಿ ಹೆಸರಿಸಿದ್ದನ್ನು ಗಮನಿಸಬೇಕು. 1903ರಲ್ಲಿ ಆ ಕಂಪನಿ ಮಾರಿದ್ದು 51 ರೇಜರ್ ಮತ್ತು 168 ಬ್ಲೇಡ್ ಮಾತ್ರ. 1904ರ ನವೆಂಬರಿನಲ್ಲಿ ಪೇಟೆಂಟ್ ಬಂತು, ವ್ಯಾಪಾರ ಕುದುರಿತು. ಆದರೆ ರೇಜರಿನ ಬೆಲೆ 5 ಡಾಲರ್, ಬ್ಲೇಡಿಗೆ ಮತ್ತೆ ಮತ್ತೆ ಖರ್ಚು. ಕೈಯಲ್ಲಿದ್ದ ಬ್ಲೇಡನ್ನು ಇನ್ನೂ ನಾಲ್ಕು ದಿನ ಓಡಿಸುವ ಆಸೆ ಅಂದಿನ ಮನೆಗಳಲ್ಲಿ ಹುಟ್ಟಿದ್ದು ತೀರಾ ಸಹಜ.

ಆ ಆಸೆಗೆ ಮೊದಲು ಒದಗಿದವರಲ್ಲಿ ಹೆನ್ರಿ ಗೈಸ್‌ಮನ್ ಒಬ್ಬರು. ಅವರ ಆಟೋಸ್ಟ್ರಾಪ್ ರೇಜರಿನಲ್ಲಿ ಬ್ಲೇಡನ್ನು ಹೊರಗೆ ತೆಗೆಯಬೇಕಿಲ್ಲ. ಚರ್ಮದ ಪಟ್ಟಿಯನ್ನು ರೇಜರಿನ ತಲೆಯೊಳಗೇ ತೂರಿಸಿ ಹಿಂದೆಮುಂದೆ ಎಳೆದರೆ, ಪ್ರತಿ ತಿರುವಿನಲ್ಲೂ ಬ್ಲೇಡ್ ತಾನೇ ಮಗುಚಿಕೊಳ್ಳುತ್ತದೆ. ಇದು ಶುದ್ಧ ಮಸೆತ. 1930ರಲ್ಲಿ ಗೈಸ್‌ಮನ್ ಕಂಪನಿಯೂ ಜಿಲೆಟ್ ಕಂಪನಿಯೂ ಒಂದಾದವು.

ಲಂಡನ್ನಿನ ಕ್ರಿಕಲ್‌ವುಡ್‌ನಲ್ಲಿ ತಯಾರಾಗುತ್ತಿದ್ದ ರೋಲ್ಸ್ ರೇಜರ್ ಎರಡು ಕೆಲಸಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟಿತು. ಅಂಗೈಯಲ್ಲಿ ಹಿಡಿಯಬಹುದಾದ ಚಪ್ಪಟೆ ಲೋಹದ ಪೆಟ್ಟಿಗೆ. ಮೇಲೊಂದು ಮುಚ್ಚಳ, ಕೆಳಗೊಂದು. ಎರಡೂ ಬಿಚ್ಚಿ ಬರುತ್ತವೆ. ಒಂದರ ಒಳಮೈಗೆ ಸಾಣೆಕಲ್ಲು, ಇನ್ನೊಂದಕ್ಕೆ ಚರ್ಮ. ಬೇಕಾದ ಮುಚ್ಚಳವನ್ನು ಇರಿಸಿಕೊಂಡು ಇನ್ನೊಂದನ್ನು ತೆಗೆದು ಹಿಡಿಯನ್ನು ಆಚೀಚೆ ಆಡಿಸಬೇಕು. ಒಂದು ಕೊನೆ ಮುಟ್ಟಿದೊಡನೆ ಬ್ಲೇಡ್ ಟಕ್ಕೆಂದು ಮಗುಚಿ ಇನ್ನೊಂದು ಮಗ್ಗುಲನ್ನು ಒಡ್ಡುತ್ತದೆ. ಆ ಟಕಟಕ ಸದ್ದು ಕೇಳಿದವರಿಗೆ ಮರೆಯುವುದಿಲ್ಲ. ಇದರ ಬ್ಲೇಡ್ ನಾವು ತಿಳಿದಿರುವ ತೆಳು ಹಾಳೆಯಲ್ಲ, ಕ್ಷೌರಿಕನ ಕತ್ತಿಯ ತುಂಡಿನಂತೆ ದಪ್ಪ ಬೆನ್ನಿನದು. ಆದ್ದರಿಂದಲೇ ಕಲ್ಲಿನ ಉಜ್ಜಾಟವನ್ನು ವರ್ಷಗಟ್ಟಲೆ ತಾಳುತ್ತಿತ್ತು.

ಎರಡಲಗಿನ ಬ್ಲೇಡಿನ ದಪ್ಪವಾದರೋ ಸುಮಾರು 0.1 ಮಿಲಿಮೀಟರ್. ಅದನ್ನು ಕಲ್ಲಿಗೆ ಹಿಡಿಯಲು ಕೈಗೆ ಹಿಡಿತವೇ ಸಿಗದು. ಇದಕ್ಕೆ ಜನ ಕಂಡುಕೊಂಡ ಉಪಾಯ ಗಾಜಿನ ಲೋಟ. ಬ್ಲೇಡನ್ನು ಲೋಟದ ಒಳಗೋಡೆಗೆ ಬೆರಳಿನಿಂದ ಒತ್ತಿದರೆ ಅದು ಸ್ವಲ್ಪ ಬಾಗಿ, ಎರಡೂ ಅಂಚುಗಳು ಗಾಜಿಗೆ ತಾಗುತ್ತವೆ. ಹಾಗೇ ಆಚೀಚೆ ಆಡಿಸಿ, ಮಗುಚಿ ಮತ್ತೆ ಆಡಿಸುತ್ತಿದ್ದರು. ಇದೇ ತತ್ವದ ಮೇಲೆ ಬಾಗುಮೈಯ ಗಾಜಿನ ತುಂಡುಗಳೂ ಮಾರಾಟಕ್ಕಿದ್ದವು. ಬ್ರಿಟನ್ನಿನ ಲಿಲಿಕ್ರ್ಯಾಪ್ಸ್ ಹೋನ್ (ಹೋನ್ ಎಂದರೆ ಸಾಣೆಕಲ್ಲು) ಅಂಥದ್ದು. ಹದಗೊಳಿಸಿದ ಬ್ಲೇಡ್ ಉಕ್ಕಿಗಿಂತ ಗಾಜು ಗಟ್ಟಿಯಲ್ಲ. ಹಾಗಾಗಿ ಅದು ಉಕ್ಕನ್ನು ಕೊರೆದು ಹೊಸ ಬಾಯಿ ತೆಗೆಯುತ್ತದೆ ಎಂದು ನಂಬುವುದು ಕಷ್ಟ. ಹೆಸರಿನಲ್ಲಿ ಕಲ್ಲಿದ್ದರೂ ಇದು ಮಾಡುತ್ತಿದ್ದುದು ಮಸೆತವನ್ನೇ ಎಂಬುದು ನನ್ನ ನಿಲುವು.

ಮಸೆತ ಎಲ್ಲಿಯವರೆಗೆ ಸಾಕಾಗುತ್ತದೆ? ಈ ಪ್ರಶ್ನೆಗೆ ಒಳ್ಳೆಯ ಬೆಳಕು ಬಿದ್ದದ್ದು 2020ರಲ್ಲಿ. ಅಮೆರಿಕದ ಎಂಐಟಿಯ ಜಾನ್‌ಲೂಕಾ ರೋಶೋಲಿ, ಜೆಮ್ ತಸಾನ್ ಮತ್ತು ಸಂಗಡಿಗರು ಕೂದಲು ಕತ್ತರಿಸುವ ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಕಂಡದ್ದನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಆದರೂ ಬ್ಲೇಡ್ ಬರಿಯ ಸವಕಳಿಯಿಂದ ಕೆಡುವುದಿಲ್ಲ, ಅಂಚು ಚಿಕ್ಕ ಚಿಕ್ಕ ಚೂರುಗಳಾಗಿ ಸಿಡಿಯುತ್ತದೆ. ಕೂದಲು ಓರೆಯಾಗಿ ಬಾಗಿ, ಅದರ ಬದಿ ಅಂಚಿಗೆ ತಾಗುವ ಜಾಗದಲ್ಲಿ ಉಕ್ಕಿನ ಒಳರಚನೆಯೂ ಏಕರೂಪವಾಗಿಲ್ಲದಿದ್ದರೆ ಚೂರು ಏಳುತ್ತದೆ. ಬಾಗಿದ್ದನ್ನು ನೆಟ್ಟಗೆ ಮಾಡಬಹುದು; ಉದುರಿಹೋದದ್ದನ್ನು ಚರ್ಮವಾಗಲಿ ಗಾಜಾಗಲಿ ತಿರುಗಿ ತರಲಾರದು. ಹಾಗಾಗಿ ಒಂದೇ ಬ್ಲೇಡಿನಲ್ಲಿ ಕೊನೆಯಿಲ್ಲದಷ್ಟು ದಿನ ಕ್ಷೌರ ಎಂಬ ಹಳೆಯ ಮಾತುಗಳನ್ನು ಎಚ್ಚರದಿಂದ ಓದಬೇಕು. ಅವು ಸುಳ್ಳೆಂದು ತಳ್ಳಿಹಾಕಲೂ ನಾನು ಒಪ್ಪೆ, ಏಕೆಂದರೆ ಅಂದಿನ ಕಾರ್ಬನ್ ಉಕ್ಕಿನ ಬ್ಲೇಡಿಗೆ ಇನ್ನೊಂದು ಶತ್ರುವಿತ್ತು, ತುಕ್ಕು. ಕಾರ್ಬನ್ ಉಕ್ಕಿನ ತೆಳು ಅಂಚಿನಲ್ಲಿ ನೀರು ನಿಂತರೆ ಒಂದೇ ರಾತ್ರಿಯಲ್ಲಿ ಕೆಡುಕು ಶುರು. ಬ್ಲೇಡನ್ನು ಒರೆಸಿ, ಗಾಜಿಗೋ ಚರ್ಮಕ್ಕೋ ಉಜ್ಜಿದಾಗ ಅಂಚಿನ ನೀರೂ ತುಕ್ಕಿನ ಮೊಳಕೆಯೂ ಹೋಗುತ್ತಿದ್ದವು. ಮಸೆತದ ಖಾತೆಗೆ ಬರೆದ ಲಾಭದಲ್ಲಿ ಒಂದು ಪಾಲು ಈ ಶುಚಿಗೆ ಸಲ್ಲಬೇಕು.

ಪ್ರಾಗ್ ನಗರದ ರೇಡಿಯೊ ಎಂಜಿನಿಯರ್ ಕಾರೆಲ್ ದ್ರಬಾಲ್ ಅವರ ಪ್ರಕರಣವನ್ನೂ ಇಲ್ಲೇ ಇಟ್ಟು ನೋಡಬೇಕು. ಪುಟ್ಟ ರಟ್ಟಿನ ಪಿರಮಿಡ್ಡಿನೊಳಗೆ ಬ್ಲೇಡನ್ನು ಉತ್ತರ-ದಕ್ಷಿಣವಾಗಿ ಇಡುವ ವಿಧಾನಕ್ಕೆ ಅವರು 1949ರಲ್ಲಿ ಅರ್ಜಿ ಹಾಕಿದರು. 1959ರಲ್ಲಿ 91304ನೇ ಸಂಖ್ಯೆಯ ಚೆಕೊಸ್ಲೊವಾಕಿಯಾ ಪೇಟೆಂಟ್ ಸಿಕ್ಕಿತು. ಪಿರಮಿಡ್ ಬ್ಲೇಡನ್ನು ಮಸೆಯುತ್ತದೆ ಎಂದು ಆಮೇಲೆ ಊರೆಲ್ಲ ಹೇಳಿತು. ಪೇಟೆಂಟಿನ ಶೀರ್ಷಿಕೆಯಲ್ಲಿರುವುದು ಕಾಪಾಡುವ ಮಾತು. ಕಾಪಾಡಲು ಒಣಗಿದ ಜಾಗವೇ ಸಾಕು, ಆಕಾರದ ಶಕ್ತಿಯನ್ನು ಕರೆಯಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಈ ಸಾಧನಗಳೆಲ್ಲ ಹಿಂದೆ ಸರಿದದ್ದು ಜನ ಸೋಮಾರಿಗಳಾದ್ದರಿಂದ ಎನ್ನುವವರಿದ್ದಾರೆ. ಆದರೆ ಬದಲಾದದ್ದು ಬ್ಲೇಡ್. 1960ರಲ್ಲಿ ಜಿಲೆಟ್ ಸೂಪರ್ ಬ್ಲೂ ಅಂಚಿಗೆ ಸಿಲಿಕೋನ್ ಲೇಪನದೊಂದಿಗೆ ಬಂತು. ಅದರ ಬೆನ್ನಿಗೇ ವಿಲ್ಕಿನ್ಸನ್ ಸ್ವೋರ್ಡ್ ಕಂಪನಿಯ ತುಕ್ಕು ಹಿಡಿಯದ ಉಕ್ಕಿನ ಬ್ಲೇಡ್ ಮಾರುಕಟ್ಟೆಯನ್ನು ಹಿಡಿಯಿತು. ಕಾಪಾಡುವ ಕೆಲಸವನ್ನು ಉಕ್ಕೇ ವಹಿಸಿಕೊಂಡಿತು. ಲೇಪನವಿರುವ ಅಂಚನ್ನು ಉಜ್ಜಿದರೆ ಮೊದಲು ಹೋಗುವುದೇ ಲೇಪನ, ಆಮೇಲೆ ಬ್ಲೇಡ್ ಕೂದಲನ್ನು ಎಳೆಯತೊಡಗುತ್ತದೆ. ಗಾಜಿನ ಲೋಟಕ್ಕೆ ಮಾಡಲು ಕೆಲಸವೇ ಉಳಿಯಲಿಲ್ಲ. ರೋಲ್ಸ್ ರೇಜರ್ ಕಂಪನಿ ಉದ್ಯಮಿ ಜಾನ್ ಬ್ಲೂಮ್ ಕೈಗೆ ಹೋಗಿ ಬಟ್ಟೆ ಒಗೆಯುವ ಯಂತ್ರ ಮಾರತೊಡಗಿತು, 1964ರಲ್ಲಿ ಕುಸಿಯಿತು.

ನಾನು ಕೈಯಲ್ಲಿ ಹಿಡಿದು ನೋಡಿದ ಒಂದು ರೋಲ್ಸ್ ಪೆಟ್ಟಿಗೆಯ ಬ್ಲೇಡಿನ ಅಂಚನ್ನು ದೀಪಕ್ಕೆ ಒಡ್ಡಿದೆ. ಮೊಂಡಾದ ಅಂಚು ಬೆಳಕನ್ನು ಮರಳಿಸಿ ಬಿಳಿಯ ಗೆರೆಯಾಗಿ ಕಾಣುತ್ತದೆ, ಹರಿತವಾದದ್ದು ಕಣ್ಣಿಗೇ ಬೀಳದು. ಇಲ್ಲಿ ಗೆರೆ ಎರಡೇ ಕಡೆ, ಕೂದಲೆಳೆಯಷ್ಟು ಉದ್ದಕ್ಕೆ, ಮಿನುಗಿತು. ಮುಚ್ಚಳದ ಚರ್ಮ ನಡುಭಾಗದಲ್ಲಿ ಕಪ್ಪಾಗಿ, ಕನ್ನಡಿಯಂತೆ ನಯವಾಗಿ ತಗ್ಗುಬಿದ್ದಿತ್ತು. ಕಲ್ಲಿನ ಮೇಲೆ ತಯಾರಿಕೆಯ ಗೆರೆಗಳು ಇನ್ನೂ ಉಳಿದಿದ್ದವು.