ಸ್ರಾವವಿಲ್ಲದೆ ಬೆಳೆಯುವ ಗಡ್ಡೆ: ವಿಕಿರಣ ಪಡೆದ ಗರ್ಭಕೋಶದ ಎಂಆರ್‌ಐ ಓದು

ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣಿಸಿಕೊಳ್ಳುವುದರಿಂದಲೇ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬಹುಪಾಲು ಮಹಿಳೆಯರಲ್ಲಿ ಆರಂಭದ ಹಂತದಲ್ಲೇ ಪತ್ತೆಯಾಗುತ್ತದೆ. ಗರ್ಭಕಂಠದ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಈ ಮುನ್ಸೂಚನೆಯೇ ಇಲ್ಲವಾಗಬಹುದು. ಭಾರತದಲ್ಲಿ ಗರ್ಭಕಂಠದ ಕ್ಯಾನ್ಸರ್ ಸಾಮಾನ್ಯವಾಗಿ ಮುಂದುವರಿದ ಹಂತದಲ್ಲಿ ಪತ್ತೆಯಾಗುವುದರಿಂದ ಶಸ್ತ್ರಚಿಕಿತ್ಸೆಗಿಂತ ವಿಕಿರಣವೇ ಮುಖ್ಯ ಚಿಕಿತ್ಸೆ. ಗರ್ಭಕೋಶ ದೇಹದಲ್ಲೇ ಉಳಿಯುತ್ತದೆ. ಹೊರಗಿನ ವಿಕಿರಣ ಮತ್ತು ಒಳಗಿನಿಂದಲೇ ಕೊಡುವ ವಿಕಿರಣ (ಬ್ರಾಕಿಥೆರಪಿ) ಸೇರಿ ಗಡ್ಡೆಯ ಜಾಗಕ್ಕೆ 80 ಗ್ರೇಗೂ ಹೆಚ್ಚು ಪ್ರಮಾಣ ಕೊಡುವುದು ವಾಡಿಕೆ. ಕ್ರಮೇಣ ಅಲ್ಲಿನ ಅಂಗಾಂಶ ನಾರುಗಟ್ಟಿ ಗರ್ಭಕಂಠದ ದಾರಿ ಕಿರಿದಾಗುತ್ತದೆ, ಕೆಲವರಲ್ಲಿ ಮುಚ್ಚಿಯೇ ಹೋಗುತ್ತದೆ. ವರ್ಷಗಳ ನಂತರ ಒಳಗೆ ಹೊಸ ಗಡ್ಡೆ ಹುಟ್ಟಿ ರಕ್ತ ಒಸರಿದರೂ ಅದು ಹೊರಬರದೆ ಕುಳಿಯಲ್ಲೇ ನಿಲ್ಲುತ್ತದೆ. ಆದ್ದರಿಂದ ಇಂಥ ಗರ್ಭಕೋಶದಲ್ಲಿ ಕಾಣುವ ದ್ರವವನ್ನು ಚಿಕಿತ್ಸೆಯ ಮಾಮೂಲಿ ಪರಿಣಾಮವೆಂದು ವರದಿಯಲ್ಲಿ ಬರೆದು ಕೈಬಿಡುವುದು ತಪ್ಪು ಎಂಬುದು ನನ್ನ ವಾದ.

ವಿಕಿರಣ ಪಡೆದ ಗರ್ಭಕೋಶ ಚಿಕ್ಕದಾಗುತ್ತದೆ, ಒಳಪದರ ತೆಳುವಾಗುತ್ತದೆ, ಎಂಆರ್‌ಐನ ಟಿ2 ಚಿತ್ರಗಳಲ್ಲಿ ಪದರಗಳ ನಡುವಿನ ಗೆರೆ ಮಾಸುತ್ತದೆ. ಇದು ಗೊತ್ತಿದ್ದರೆ ಹಿಗ್ಗಿದ ಕುಳಿ ತಾನಾಗಿ ಕಣ್ಣಿಗೆ ಬೀಳುತ್ತದೆ. ಕಷ್ಟವಿರುವುದು ಮುಂದಿನ ಹೆಜ್ಜೆಯಲ್ಲಿ. ನಿಂತ ರಕ್ತ ಟಿ1 ಚಿತ್ರದಲ್ಲಿ ತಾನೇ ಬೆಳ್ಳಗೆ ಹೊಳೆಯುವುದರಿಂದ ಕಾಂಟ್ರಾಸ್ಟ್ ಕೊಟ್ಟ ಮೇಲೂ ಯಾವುದು ರಕ್ತ, ಯಾವುದು ಗಡ್ಡೆ ಎಂದು ಬರಿಗಣ್ಣಿಗೆ ತಿಳಿಯದು. ಕಾಂಟ್ರಾಸ್ಟಿನ ನಂತರದ ಚಿತ್ರದಿಂದ ಮೊದಲಿನದನ್ನು ಕಳೆದಾಗ ರಕ್ತದ ಹೊಳಪು ಮಾಯವಾಗಿ, ಗೋಡೆಗಂಟಿದ ಗಡ್ಡೆ ಮಾತ್ರ ಉಳಿಯುತ್ತದೆ. ಡಿಫ್ಯೂಶನ್ ಚಿತ್ರ ನೆರವಿಗೆ ಬರುತ್ತದೆ, ಆದರೆ ಹಳೆಯ ರಕ್ತ ಅಲ್ಲಿಯೂ ದಾರಿ ತಪ್ಪಿಸಬಲ್ಲದು. ಅದೊಂದನ್ನೇ ನಂಬಿ ತೀರ್ಮಾನಿಸುವುದು ಸರಿಯಲ್ಲ.

ದಾರಿ ಮುಚ್ಚಿದವರಲ್ಲಿ ದ್ರವ ತುಂಬುವುದು ಸಾಮಾನ್ಯ, ಹೆಚ್ಚಿನವರಲ್ಲಿ ಕ್ಯಾನ್ಸರ್ ಇರುವುದಿಲ್ಲ, ಸುಮ್ಮನೆ ಭಯ ಹುಟ್ಟಿಸುವುದೇಕೆ ಎಂಬ ಆಕ್ಷೇಪವಿದೆ. ಮಾತು ನಿಜವೇ. ಆದರೆ ವಿಕಿರಣದ ನಂತರ ಕಾಣುವ ಗಡ್ಡೆಗಳಲ್ಲಿ ಸೀರಸ್ ಕಾರ್ಸಿನೋಮ, ಕಾರ್ಸಿನೋಸಾರ್ಕೋಮದಂಥ ಉಗ್ರ ಬಗೆಗಳ ಪಾಲು ಹೆಚ್ಚು. ತಡವಾದರೆ ಆ ಮಹಿಳೆ ತೆರುವ ಬೆಲೆ ಇನ್ನೊಂದು ಸ್ಕ್ಯಾನಿನ ಖರ್ಚಿಗಿಂತ ಬಹಳ ದೊಡ್ಡದು. ಹಿಂದಿನ ಸ್ಕ್ಯಾನಿಗೆ ಹೋಲಿಸಿ, ದ್ರವ ಹೆಚ್ಚಿದೆಯೇ, ಗೋಡೆ ಒಂದೇ ಕಡೆ ದಪ್ಪವಾಗಿದೆಯೇ ಎಂದು ನೋಡಿದರೆ ಅನಗತ್ಯ ಬಯಾಪ್ಸಿಗಳೂ ತಗ್ಗುತ್ತವೆ. ಒಳಗೆ ಕಂಡ ಗಡ್ಡೆ ಹಳೆಯ ಕ್ಯಾನ್ಸರಿನ ಮರುಕಳಿಕೆಯೇ ಆಗಿರಬಾರದೇಕೆ ಎಂಬುದು ಇನ್ನೊಂದು ಪ್ರಶ್ನೆ. ಗರ್ಭಕಂಠದ ಕ್ಯಾನ್ಸರ್ ಮರುಕಳಿಸುವುದು ಹೆಚ್ಚಾಗಿ ಮೊದಲ 2–3 ವರ್ಷಗಳಲ್ಲಿ. ಹೊಸ ಗಡ್ಡೆ ಹಲವು ವರ್ಷ, ಎಷ್ಟೋ ಸಲ ದಶಕ ಕಳೆದು, ಗರ್ಭಕಂಠದಲ್ಲಲ್ಲದೆ ಮೇಲಿನ ಕುಳಿಯಲ್ಲಿ ಕಾಣುತ್ತದೆ. ವಿಕಿರಣ ಬಿದ್ದ ಜಾಗ, ನಡುವಿನ ದೀರ್ಘ ಅವಧಿ, ಬೇರೆಯೇ ಅಂಗಾಂಶ ಲಕ್ಷಣ ಎಂದು ಕಹಾನ್ ಮತ್ತು ಸಂಗಡಿಗರು 1948ರಲ್ಲಿ ಮೂಳೆಯ ಸಾರ್ಕೋಮಕ್ಕೆ ಹಾಕಿಕೊಟ್ಟ ಅಳತೆಗೋಲು ಇಲ್ಲಿಯೂ ಉಪಯುಕ್ತ. ವಿಕಿರಣವೇ ಕಾರಣವೆಂದು ಒಬ್ಬ ರೋಗಿಯಲ್ಲಿ ಸಾಧಿಸಲು ಅದು ಸಾಲದು, ನಿಜ. ಗಡ್ಡೆಯನ್ನು ಹುಡುಕಲು ಆ ಪುರಾವೆಯ ಅಗತ್ಯವೂ ಇಲ್ಲ. ಬಯಾಪ್ಸಿಯ ದಾರಿಯನ್ನೂ ಚಿತ್ರವೇ ತೋರಿಸಬೇಕು: ಮುಚ್ಚಿದ ಗರ್ಭಕಂಠದಲ್ಲಿ ಅಂದಾಜಿನ ಮೇಲೆ ಉಪಕರಣ ತೂರಿಸಿದರೆ ಗೋಡೆ ತೂತಾಗುವ ಅಪಾಯವಿದೆ, ಅಲ್ಟ್ರಾಸೌಂಡ್ ನೋಡುತ್ತಲೇ ಅದನ್ನು ಮಾಡಬೇಕು, ಮಾದರಿ ಸಾಲದೆ ಬಂದಾಗ ಅದನ್ನು 'ಕ್ಯಾನ್ಸರ್ ಇಲ್ಲ' ಎಂದು ಓದಬಾರದು.