ಕೊಟ್ಟಿಗೆ ಕಟ್ಟುವ ಮುನ್ನ: ನೆರಳಿನಿಂದ ನಿಜ ಉತ್ತರವನ್ನು ಗುರುತಿಸುವ ವಿಧಾನ

ಕೊಟ್ಟಿಗೆಯ ಉದ್ದವು ಪೂರ್ವ-ಪಶ್ಚಿಮವಾಗಿದ್ದಲ್ಲಿ ರಾಸುಗಳಿಗೆ ಇಳಿಬಿಸಿಲಿನ ತಾಪ ಕಡಿಮೆ. ಕಂಬ ನೆಟ್ಟ ಮೇಲೆ ದಿಕ್ಕನ್ನು ತಿದ್ದಲಾಗದು. ಸೂರ್ಯ ಹುಟ್ಟಿದ ಕಡೆಯೇ ಪೂರ್ವವೆಂದು ದಾರ ಹಿಡಿಯುವ ರೂಢಿ ಸರಿಯಲ್ಲ. ಕರ್ನಾಟಕದಲ್ಲಿ ಡಿಸೆಂಬರ್ 21ರ ಸುಮಾರಿಗೆ ಸೂರ್ಯೋದಯವು ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೂ, ಜೂನ್ 21ರ ಸುಮಾರಿಗೆ ಅಷ್ಟೇ ಉತ್ತರಕ್ಕೂ ಸರಿದಿರುತ್ತದೆ.

ಸೂರ್ಯಸಿದ್ಧಾಂತದಲ್ಲಿ ಹೇಳಿರುವ ಶಂಕುವಿನ ವಿಧಾನವು ಇಂದಿಗೂ ನಂಬಲರ್ಹ. ಮಟ್ಟಸವಾದ ನೆಲದಲ್ಲಿ 1 ಮೀಟರ್ ಎತ್ತರದ ಕೋಲನ್ನು ತೂಗುಗುಂಡು ಹಿಡಿದು ನೇರವಾಗಿ ನೆಡಬೇಕು. ಕೋಲು ವಾಲಿದರೆ ಶ್ರಮವೆಲ್ಲ ವ್ಯರ್ಥ. ಬೆಳಿಗ್ಗೆ 9 ಗಂಟೆಯ ಸುಮಾರಿಗೆ ನೆರಳಿನ ತುದಿಗೆ ಗೂಟ ಹೊಡೆದು, ಕೋಲಿನ ಬುಡದಿಂದ ಗೂಟದವರೆಗಿನ ಅಳತೆಯ ಹಗ್ಗದಿಂದ ವೃತ್ತ ಎಳೆಯಬೇಕು. ಮಧ್ಯಾಹ್ನದ ನಂತರ ನೆರಳಿನ ತುದಿ ಪುನಃ ವೃತ್ತವನ್ನು ಮುಟ್ಟುವಲ್ಲಿ ಎರಡನೆಯ ಗೂಟ. ಮೊದಲನೆಯದು ಪಶ್ಚಿಮ, ಎರಡನೆಯದು ಪೂರ್ವ. ಪೂರ್ವದ ಗೂಟಕ್ಕೆ ಮುಖಮಾಡಿ ನಿಂತಾಗ ಎಡಗೈಯ ಕಡೆ, ಈ ಗೆರೆಗೆ ಲಂಬವಾಗಿ, ಉತ್ತರವಿರುತ್ತದೆ.

ನಡುಹಗಲಿನ ನೆರಳನ್ನು ನೋಡಿ ಉತ್ತರವನ್ನು ನಿರ್ಣಯಿಸಬಾರದು. ಜೂನ್‌ನಲ್ಲಿ ನಮ್ಮ ರಾಜ್ಯದಲ್ಲಿ ಅದು ದಕ್ಷಿಣಕ್ಕೆ ಬೀಳುತ್ತದೆ.

ಮೋಡದ ದಿನಗಳಲ್ಲಿ ಬೆಳಿಗ್ಗೆಯೇ ಅರ್ಧ ಗಂಟೆಗೊಂದರಂತೆ ಮೂರು ಗೂಟ, ಮೂರು ವೃತ್ತಗಳನ್ನು ಗುರುತಿಸಿಡಬೇಕು. ಮಧ್ಯಾಹ್ನದ ಮೇಲೆ ಒಂದು ವೃತ್ತ ತಪ್ಪಿದರೂ ಇನ್ನೊಂದು ಸಿಗುತ್ತದೆ.